ಹುಟ್ಟೂರಿನ ಬಂದರಿಗೆ ಬೆಂಕಿ ಇಟ್ಟ ಅಡ್ಮಿರಲ್

(1971ರ ಯುದ್ಧದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ನಂದಾ ಬಗ್ಗೆ ಡಿಸೆಂಬರ್ ಮೊದಲ ವಾರ ಕಾರವಾರದಲ್ಲಿ ಕಾಲೇಜು ಹುಡುಗ ಹುಡುಗಿಯರ ಎದುರು ಆಡಿದ ಮಾತುಗಳಿವು. ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರುವ ಮೊದಲು ಟ್ಯಾಗೋರ್ ಬೀಚಿಗೆ ಹೋಗಿ, ಆ ಯುದ್ಧನೌಕೆ ಹತ್ತಿ ಇಳಿದು ಬಂದೆ. ನಾವೆಲ್ಲ ಚಾಪೆಲ್, ಚಾಪೆಲ್ ಅಂತ ಕರೀತೇವಲ್ಲ, ಅದರ ಹೆಸರು ನಿಜವಾಗಿ ಚಪಲ. ಚುರುಕಿನದು ಅಂತ ಅರ್ಥ. ಹುಟ್ಟಿದಾಗಿನಿಂದ ನೋಡಿ ನೋಡಿ ನಿಮಗೆ ಅದು ಬಸ್‌ಸ್ಟ್ಯಾಂಡಿನ ಹಾಗೆ ಆಗಿಬಿಟ್ಟಿರಬಹುದು. ನನಗೆ ಪ್ರತಿಸಲವೂ ಒಂದೇ ಆಶ್ಚರ್ಯ. ಇಷ್ಟು ಚಿಕ್ಕದಾ! ಉದ್ದ 38 ಮೀಟರ್ ಚಿಲ್ಲರೆ, ಅಗಲ ಏಳೂವರೆ ಮೀಟರ್ ಚಿಲ್ಲರೆ. ಒಳಗೆ ಹೋದರೆ ತಲೆ ತಗ್ಗಿಸಿಕೊಂಡೇ ನಡೀಬೇಕು. ಅಷ್ಟರಲ್ಲಿ ಸುಮಾರು 30 ಜನ ಇರಬೇಕು. ಮಲಗೋದು, ಉಣ್ಣೋದು, ಎಂಜಿನ್ನಿನ ಶಬ್ದ, ಡೀಸೆಲ್ ವಾಸನೆ, ಎಲ್ಲ ಅದರಲ್ಲೇ.

ಅಲ್ಲೊಬ್ಬ ಅಪ್ಪ ಮಗನಿಗೆ ಹೇಳುತ್ತಿದ್ದ, "ನೋಡೋ, ಇದೇ ಬೋಟು ಕರಾಚಿಗೆ ಹೋಗಿ ಹೊಡೆದು ಬಂದಿದ್ದು." ಹುಡುಗನ ಕಣ್ಣು ಅಷ್ಟಗಲ ಆಗಿತ್ತು. ನಾನು ಸುಮ್ನೆ ಇದ್ದೆ. ನಿಮ್ಮ ಹತ್ತಿರ ಹೇಳಬಹುದು. ಕರಾಚಿ ದಾಳಿ ನಡೆದದ್ದು 1971ರಲ್ಲಿ. ಚಪಲ ನೌಕಾಪಡೆಗೆ ಸೇರಿದ್ದು 1976ರಲ್ಲಿ. ಹೋಗಿ ಬಂದದ್ದು ಇದರ ಅಣ್ಣಂದಿರು. ಅದೇ ಸೋವಿಯತ್ ಜಾತಿ, ಅದೇ ಅಳತೆ, ಹೊತ್ತದ್ದೂ ನಾಲ್ಕೇ ಕ್ಷಿಪಣಿ. ಚಪಲದ ಮೇಲಿನ ಕ್ಷಿಪಣಿ ಡಬ್ಬಗಳು ದುಂಡಗೆ ಡ್ರಮ್ಮಿನ ಹಾಗಿವೆ. ಅಣ್ಣಂದಿರದು ಚೌಕಾಕಾರದ ಪೆಟ್ಟಿಗೆ. ಅಷ್ಟೇ ಎದ್ದು ಕಾಣುವ ವ್ಯತ್ಯಾಸ. ಹಾಗಾಗಿ ಆ ಅಪ್ಪ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ ಅನ್ನಿ.

ನಾನಿವತ್ತು ಮಾತಾಡಬೇಕಾದ್ದು ಆ ಬೋಟುಗಳನ್ನು ಅಷ್ಟು ದೂರ ಕಳಿಸುವ ಧೈರ್ಯ ಮಾಡಿದ ಮನುಷ್ಯನ ಬಗ್ಗೆ. ಅಡ್ಮಿರಲ್ ಸರ್ದಾರಿಲಾಲ್ ಮಥ್ರಾದಾಸ್ ನಂದಾ. ಜೊತೆಯವರ ಬಾಯಲ್ಲಿ ಚಾರ್ಲ್ಸ್ ನಂದಾ. 1970ರ ಮಾರ್ಚ್‌ನಿಂದ 1973ರ ಫೆಬ್ರವರಿ ತನಕ ನಮ್ಮ ನೌಕಾಪಡೆಯ ಮುಖ್ಯಸ್ಥರು. ಪದ್ಮವಿಭೂಷಣ, ಪರಮ ವಿಶಿಷ್ಟ ಸೇವಾ ಪದಕ, ಅತಿ ವಿಶಿಷ್ಟ ಸೇವಾ ಪದಕ. ಯಾವ ಪುಸ್ತಕ ತೆಗೆದರೂ ಅವರ ಬಗ್ಗೆ ಈ ಮೂರು ಸಾಲು ಸಿಗುತ್ತದೆ. ಓದಿದರೆ ಮನುಷ್ಯ ಮಾತ್ರ ಕಾಣೋದಿಲ್ಲ.

ಅವರು ಹುಟ್ಟಿದ್ದು 1915ರ ಅಕ್ಟೋಬರ್ 10ರಂದು. ಎಲ್ಲಿ ಗೊತ್ತಾ? ಮನೋರಾದಲ್ಲಿ. ಕರಾಚಿ ಬಂದರಿನ ಬಾಯಲ್ಲಿರುವ ಪುಟ್ಟ ಜಾಗ ಅದು. ಬಂದರಿಗೆ ಯಾವ ಹಡಗು ಬರಬೇಕಾದರೂ ಅದರ ದೀಪಸ್ತಂಭ ನೋಡಿಕೊಂಡೇ ಬರಬೇಕು. ಇಲ್ಲಿನ ಬೈತಖೋಲ ಬಂದರಿನ ಮಕ್ಕಳಿಗೆ ಯಾವ ಬೋಟು ಯಾರದ್ದು, ಎಲ್ಲಿ ಕಲ್ಲಿದೆ, ಎಲ್ಲಿ ಹೂಳು ತುಂಬಿದೆ ಅಂತ ಯಾರೂ ಪಾಠ ಮಾಡಬೇಕಾಗಿಲ್ಲ ಅಲ್ವಾ? ನಂದಾ ಅವರಿಗೆ ಕರಾಚಿ ಬಂದರು ಹಾಗಿತ್ತು. ದೊಡ್ಡವರಾದ ಮೇಲೆ ಮೊದಲ ಕೆಲಸವೂ ಆ ಬಂದರಿನಲ್ಲೇ.

1941ರಲ್ಲಿ, ಮಹಾಯುದ್ಧದ ನಡುವೆ, ನೌಕಾಪಡೆಯ ಸ್ವಯಂಸೇವಕ ವಿಭಾಗಕ್ಕೆ ಸೇರಿದರು. ಇಂಗ್ಲೆಂಡಿನಲ್ಲಿ ಎಳೆಯ ವಯಸ್ಸಿನಲ್ಲೇ ಕ್ಯಾಡೆಟ್ ಆಗಿ ತಯಾರಾದವರಲ್ಲ. ಬಂದರಿನ ನೌಕರಿ ಬಿಟ್ಟು 26ರ ಹತ್ತಿರ ಬಂದವರು. ಅಂಥವರು ಮುಂದೆ ನಾಲ್ಕು ನಕ್ಷತ್ರದ ಅಡ್ಮಿರಲ್ ಆದದ್ದು ಸಣ್ಣ ಮಾತಲ್ಲ. 1947ರಲ್ಲಿ ದೇಶ ಒಡೆಯಿತು. ಮನೋರಾ ಆಚೆ ಹೋಯಿತು. ನಂದಾ ಈಚೆ ಉಳಿದರು.

ಈಗ ನಮ್ಮ ಕಡೆಯ ಒಂದು ನಂಟು ಹೇಳಬೇಕು. ಬ್ರಿಟಿಷರ ಬಳಿ ನೈಜೀರಿಯಾ ಅನ್ನುವ ಕ್ರೂಸರ್ ಇತ್ತು. ಮಹಾಯುದ್ಧದಲ್ಲಿ ದುಡಿದು ದಣಿದ ಹಡಗು. ಭಾರತ ಅದನ್ನು ಕೊಂಡು, ರಿಪೇರಿ ಮಾಡಿಸಿ, 1957ರ ಆಗಸ್ಟ್ 29ರಂದು ಹೊಸ ಹೆಸರಿಟ್ಟಿತು. ಮೈಸೂರು! ಐಎನ್‌ಎಸ್ ಮೈಸೂರು. ಹಡಗಿನ ಲಾಂಛನದಲ್ಲಿ ನಮ್ಮ ಗಂಡಭೇರುಂಡ. ಕೆಳಗೆ "ನ ಬಿಭೇತಿ ಕದಾಚನ" ಅಂತ ಉಪನಿಷತ್ತಿನ ಮಾತು. ಯಾವತ್ತೂ ಹೆದರಲ್ಲ ಅಂತ. ಆ ಹಡಗಿನ ಮೊದಲ ಕ್ಯಾಪ್ಟನ್ ನಂದಾ. ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಗಂಡಭೇರುಂಡ ನೋಡಿದಾಗಲೆಲ್ಲ ನನಗೆ ಈ ಪಂಜಾಬಿ ಮನುಷ್ಯ ನೆನಪಾಗುತ್ತಾರೆ. ಯಾಕೋ ಗೊತ್ತಿಲ್ಲ, ಖುಷಿಯಾಗುತ್ತೆ.

ಆಮೇಲಿನ ಹತ್ತು ಹನ್ನೆರಡು ವರ್ಷವನ್ನು ಬೇಗ ದಾಟಿಬಿಡೋಣ. ದೆಹಲಿಯಲ್ಲಿ ನೌಕಾಪಡೆಯ ಉಪ ಮುಖ್ಯಸ್ಥರಾಗಿದ್ದರು. ಮುಂಬೈಯ ಮಜಗಾಂವ್ ಡಾಕ್ ಎಂಬ ಹಡಗುಕಟ್ಟೆಯ ಮುಖ್ಯಸ್ಥರಾಗಿದ್ದರು. ಸಮವಸ್ತ್ರದ ಮನುಷ್ಯನಿಗೆ ಕಾರ್ಖಾನೆ ನಡೆಸುವ ಕೆಲಸ. ನಮ್ಮಲ್ಲೇ ಕಟ್ಟಿದ ಮೊದಲ ದೊಡ್ಡ ಫ್ರಿಗೇಟ್ ನೀಲಗಿರಿ 1968ರಲ್ಲಿ ನೀರಿಗಿಳಿದದ್ದು ಆ ಕಟ್ಟೆಯಿಂದಲೇ. ಆಮೇಲೆ ನಂದಾ ನೌಕಾಬಲದ ದಂಡನಾಯಕರಾದರು, ಪಶ್ಚಿಮ ಕಮಾಂಡಿಗೆ ಬಂದರು. ಹುದ್ದೆಗಳ ಪಟ್ಟಿ ಸಾಕು.

ಇವೆಲ್ಲದರ ನಡುವೆ ಒಂದು ಕಹಿ ಇದೆ. 1965. ಆ ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಪಾಕಿಸ್ತಾನದ ಹಡಗುಗಳು ಬಂದು ದ್ವಾರಕೆಯ ಮೇಲೆ ಗುಂಡು ಹಾರಿಸಿ ಹೋದವು. ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ ಮರ್ಯಾದೆ? ನಮ್ಮ ನೌಕಾಪಡೆಗೆ ಪೋರಬಂದರಿನ ಗೆರೆ ದಾಟಿ ಉತ್ತರಕ್ಕೆ ಹೋಗಬೇಡಿ ಅಂತ ಮೇಲಿನಿಂದ ಕಟ್ಟಪ್ಪಣೆ. ಆಗಿನ ಮುಖ್ಯಸ್ಥ ಸೋಮನ್ ಪ್ರತಿಭಟಿಸಿದರೂ ನಡೆಯಲಿಲ್ಲ. ವಿಮಾನ ಹೊರುವ ವಿಕ್ರಾಂತ್ ಹಡಗು ರಿಪೇರಿಯಲ್ಲಿ ಕೂತಿತ್ತು. ಯುದ್ಧ ಮುಗೀತು. ಸೈನ್ಯದವರು ಮಾತಾಡಿದರು, ವಾಯುಪಡೆಯವರು ಮಾತಾಡಿದರು. ನೌಕಾಪಡೆಯವರು ಪಾರ್ಟಿಗೆ ಹೋದರೆ ಮೂಲೆ ಹುಡುಕಬೇಕು. ಮದುವೆಮನೆಯಲ್ಲಿ ಕೆಲಸ ಕೊಡದೆ ಕೂರಿಸಿದ ಅಳಿಯನ ಹಾಗೆ.

ನಂದಾ ಅದನ್ನು ಮರೆಯಲಿಲ್ಲ. ಮುಖ್ಯಸ್ಥರಾಗುವ ಮೊದಲೇ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ, ಇನ್ನೊಂದು ಯುದ್ಧ ಬಂದರೆ ಅದನ್ನು ಕರಾಚಿಗೇ ಒಯ್ಯುತ್ತೇನೆ, ಆ ಬಂದರು ನನಗೆ ಚೆನ್ನಾಗಿ ಗೊತ್ತು, ಅಲ್ಲೇ ಕೆಲಸ ಶುರು ಮಾಡಿದವನು ನಾನು ಅಂದಿದ್ದರು. ಆಗ ಅದು ಬರೀ ಜಂಬದ ಮಾತಿನ ಹಾಗೆ ಕೇಳಿಸಿರಬೇಕು. ಯಾವುದರಿಂದ ಹೊಡೀತಾರೆ? ನಮ್ಮ ದೊಡ್ಡ ಹಡಗುಗಳು ಹಳೆಯವು. ಕರಾಚಿಯ ಹತ್ತಿರ ಹಗಲು ಕಾಣಿಸಿಕೊಂಡರೆ ಮೇಲಿನಿಂದ ವಿಮಾನ ಬಂದು ಮುಗಿಸಿಬಿಡುತ್ತವೆ.

ಇಲ್ಲಿ ಬರುತ್ತವೆ ನಮ್ಮ ಚಪಲದ ಅಣ್ಣಂದಿರು. ಸೋವಿಯತ್ ಒಕ್ಕೂಟದಿಂದ ಎಂಟು ಮಿಸೈಲ್ ಬೋಟುಗಳನ್ನು ಕೊಂಡಿದ್ದೆವು. ವೀರ್, ನಿಪತ್, ನಿರ್ಘಾತ್, ವಿನಾಶ್, ಹೀಗೆ ಹೆಸರುಗಳು. ನಮ್ಮ ಹುಡುಗರು ಆ ಕೊರೆಯುವ ಚಳಿಯ ವ್ಲಾಡಿವೊಸ್ಟಾಕ್‌ಗೆ ಹೋಗಿ, ಮೊದಲು ರಷ್ಯನ್ ಭಾಷೆ ಕಲಿತು, ಆಮೇಲೆ ಬೋಟು ಕಲಿತು ಬಂದರು. ಈ ಬೋಟುಗಳನ್ನು ಮಾಡಿದ್ದು ಸ್ವಂತ ಬಂದರನ್ನು ಕಾಯೋದಕ್ಕೆ. ಮನೆ ಮುಂದೆ ಕಟ್ಟಿದ ನಾಯಿ ಇದ್ದ ಹಾಗೆ. ಓಟ ಜೋರು, ಹೊಡೆತ ಭಯಂಕರ. ಕ್ಷಿಪಣಿ ಎಷ್ಟೋ ಮೈಲಿ ಆಚೆಗೂ ಹೋಗಿ ಬಡಿಯುತ್ತದೆ. ಆದರೆ ಎಣ್ಣೆ ಸಾಲಲ್ಲ. ಮುಂಬೈಯಿಂದ ಕರಾಚಿಗೆ ಹೋಗಿ ವಾಪಸ್ ಬರೋದು ಅವುಗಳ ಕೈಲಾಗದ ಮಾತು.

ಬೋಟುಗಳು ರಷ್ಯಾದಿಂದ ದೊಡ್ಡ ಹಡಗಿನ ಮೇಲೆ ಹೇರಿಕೊಂಡು ಬಂದವು. ಅಷ್ಟು ಭಾರ ಎತ್ತಿ ಇಳಿಸುವ ಕ್ರೇನ್ ಮುಂಬೈಯಲ್ಲಿ ಇರಲಿಲ್ಲ. ಕಲ್ಕತ್ತೆಯಲ್ಲಿ ಇಳಿಸಬೇಕಾಯಿತು. ಅಲ್ಲಿಂದ ಮುಂಬೈಗೆ? ಹಗ್ಗ ಕಟ್ಟಿ ಎಳಕೊಂಡು ಬಂದರು!

ಎಂಜಿನ್ ಕೆಟ್ಟ ಬೋಟನ್ನು ಇನ್ನೊಂದು ಬೋಟು ಹಗ್ಗ ಬಿಗಿದು ದಡಕ್ಕೆ ಎಳೆದು ತರೋದನ್ನು ನೀವು ಎಷ್ಟು ಸಲ ನೋಡಿಲ್ಲ? ಹಗ್ಗ ಒಮ್ಮೆ ಸಡಿಲ ಬೀಳುತ್ತೆ, ಒಮ್ಮೆ ಪಟ್ ಅಂತ ಬಿಗಿಯುತ್ತೆ, ಹಿಂದಿನ ಬೋಟು ಕುಡಿದವನ ಹಾಗೆ ಅತ್ತಿತ್ತ ತೂಗುತ್ತೆ. ಅದನ್ನೇ ಇಡೀ ಬಂಗಾಳಕೊಲ್ಲಿ, ಶ್ರೀಲಂಕಾ, ಅರಬ್ಬಿ ಸಮುದ್ರ ಸುತ್ತಿ ಮಾಡಿದರು. ಬೇರೆಯವರಾಗಿದ್ದರೆ ಅಬ್ಬಾ, ಮುಟ್ಟಿತಲ್ಲ ಅಂತ ಉಸಿರು ಬಿಟ್ಟು ಸುಮ್ಮನಾಗುತ್ತಿದ್ದರು. ನೌಕಾಪಡೆಯವರಿಗೆ ಬೇರೊಂದು ಲೆಕ್ಕ ಹೊಳೆಯಿತು. ಕಲ್ಕತ್ತೆಯಿಂದ ಇಲ್ಲಿ ತನಕ ಎಳೆದು ತರಬಹುದಾದರೆ, ಇಲ್ಲಿಂದ ಕರಾಚಿ ಕಡೆಗೂ ಎಳೆದೊಯ್ಯಬಹುದಲ್ಲ? ಎಣ್ಣೆ ಉಳಿಯುತ್ತೆ. ಕೊನೆಯ ಓಟ ಮಾತ್ರ ಅವು ಓಡಲಿ. ಎಳೆಯುವ ಪ್ರಯೋಗ ಮಾಡಿ ನೋಡಿದರು. ಆಗುತ್ತೆ ಅಂತ ಆಯಿತು. ಮನೆ ಕಾಯೋ ನಾಯಿಯನ್ನು ಬೇಟೆಗೆ ಬಿಡುವ ಯೋಚನೆ ಇದು. ಬೋಟು ಮಾಡಿದ ರಷ್ಯನ್ನರೇ ಆಮೇಲೆ ಬೆರಗಾದರು.

ನನ್ನ ಮಟ್ಟಿಗೆ ನಂದಾ ಅವರ ದೊಡ್ಡತನ ಈ ಹಗ್ಗದಲ್ಲಿದೆ. ಹಗ್ಗದ ಉಪಾಯ ಅವರೊಬ್ಬರದೇ ಅಂತ ನಾನು ಹೇಳ್ತಿಲ್ಲ. ಕೆಳಗಿನ ಎಷ್ಟೋ ಅಧಿಕಾರಿಗಳ ತಲೆ ಅದರಲ್ಲಿ ಓಡಿದೆ. ಆದರೆ ಮೇಜಿನ ಆಚೆ ಕೂತವರು ಬೇಡ ಅನ್ನೋದು ತುಂಬಾ ಸುಲಭ. ಒಂದು ಬೋಟು ದಾರಿಯಲ್ಲಿ ಕೆಟ್ಟು ನಿಂತರೂ ಬೈಗುಳ ಬೀಳೋದು ಮುಖ್ಯಸ್ಥರಿಗೆ. ಇವರು ಹೂಂ ಅಂದರು.

ಇನ್ನೊಂದು ಕೆಲಸ ಬಾಕಿ ಇತ್ತು. 1965ರ ಹಾಗೆ ಕೊನೆ ಗಳಿಗೆಯಲ್ಲಿ ಯಾರಾದರೂ ಕೈ ಹಿಡಿದರೆ? 1971ರ ಯುದ್ಧಕ್ಕೆ ಮುಂಚೆ ನಂದಾ ನೇರ ಪ್ರಧಾನಿ ಇಂದಿರಾ ಗಾಂಧಿ ಹತ್ತಿರ ಹೋದರು. ನಾವು ಕರಾಚಿ ಮೇಲೆ ದಾಳಿ ಮಾಡಿದರೆ ಸರ್ಕಾರಕ್ಕೆ ರಾಜಕೀಯವಾಗಿ ಏನಾದರೂ ತೊಂದರೆಯಾ ಅಂತ ಕೇಳಿದರು. ಯಾಕೆ ಕೇಳ್ತೀರಿ ಅಂದರು ಅವರು. ಇವರು 65ರ ಕತೆ ಹೇಳಿದರು. ಇಂದಿರಾ ಸ್ವಲ್ಪ ಹೊತ್ತು ಯೋಚಿಸಿ, ಯುದ್ಧ ಆದರೆ ಯುದ್ಧವೇ ಅಲ್ಲವಾ ಅಡ್ಮಿರಲ್ ಅನ್ನೋ ಅರ್ಥದ ಒಂದೇ ಮಾತು ಹೇಳಿದರಂತೆ. ನಂದಾ ಅವರಿಗೆ ಬೇಕಾಗಿದ್ದ ಉತ್ತರ ಸಿಕ್ಕಿತು. ಎದ್ದು ಬಂದರು. ಕಾಗದ ಇಲ್ಲ, ಸಹಿ ಇಲ್ಲ.

ಡಿಸೆಂಬರ್ 3ರ ಸಂಜೆ ಯುದ್ಧ ಶುರುವಾಯಿತು. 4ರ ರಾತ್ರಿಯ ದಾಳಿಗೆ ನಿಪತ್, ನಿರ್ಘಾತ್, ವೀರ್ ಹೊರಟವು. ಜೊತೆಗೆ ಕಿಲ್ತಾನ್, ಕಚ್ಚಲ್ ಅನ್ನುವ ಎರಡು ದೊಡ್ಡ ಹಡಗು. ಅವುಗಳ ರಾಡಾರ್ ಹೆಚ್ಚು ದೂರ ನೋಡುತ್ತೆ ಅಂತ. ಎಣ್ಣೆಗೆ ಪೋಷಕ್ ಎಂಬ ಟ್ಯಾಂಕರ್. ಮುಂದಾಳು ಕಮಾಂಡರ್ ಬಬ್ರು ಭಾನ್ ಯಾದವ್. ಕಿಲ್ತಾನ್ ನಡೆಸಿದವರು ಕಮಾಂಡರ್ ಕಾಸರಗೋಡು ಪಟ್ಟಣಶೆಟ್ಟಿ ಗೋಪಾಲ ರಾವ್. ಹೆಸರಿನಲ್ಲೇ ನಮ್ಮ ಕರಾವಳಿ ಇದೆ, ನೋಡಿ. ಹಗಲು ಕರಾಚಿಯ ವಿಮಾನಗಳಿಗೆ ಎಟುಕದಷ್ಟು ದೂರ ಕಾದರು. ಕತ್ತಲಾದ ಮೇಲೆ ನುಗ್ಗಿದರು. ವೈರ್‌ಲೆಸ್‌ನಲ್ಲಿ ಮಾತಾಡಬೇಕಾದಾಗ ರಷ್ಯನ್‌ನಲ್ಲಿ ಮಾತಾಡಿದರು. ಕದ್ದು ಕೇಳಿದವರು ಯಾರು ಇವರು ಅಂತ ತಲೆ ಕೆರೆದುಕೊಂಡಿರಬೇಕು!

ನಿರ್ಘಾತ್‌ನ ಕ್ಷಿಪಣಿ ಖೈಬರ್ ಅನ್ನುವ ದೊಡ್ಡ ಹಡಗಿಗೆ ಬಡಿಯಿತು. ಖೈಬರ್‌ನವರು ಆಕಾಶದಲ್ಲಿ ಬೆಂಕಿ ಬರುವುದನ್ನು ನೋಡಿ ವಿಮಾನ ಅಂದುಕೊಂಡರು. ಶತ್ರು ವಿಮಾನ ಹೊಡೆದಿದೆ, ಬಾಯ್ಲರ್ ಹೋಗಿದೆ, ಹಡಗು ನಿಂತಿದೆ ಅಂತ ಸಂದೇಶ ಕಳಿಸಿದರು. ಸ್ವಲ್ಪ ಹೊತ್ತಿಗೆ ಎರಡನೆಯದು ಬಂತು. ಇನ್ನೂರಕ್ಕೂ ಜಾಸ್ತಿ ಜನ ಹೋದರು. ವೀರ್ ಹೊಡೆದ ಮುಹಾಫಿಜ್‌ಗೆ ಸಂದೇಶ ಕಳಿಸುವಷ್ಟೂ ಹೊತ್ತು ಸಿಗಲಿಲ್ಲ. ನಿಪತ್ ಕೇಮಾಡಿಯ ಎಣ್ಣೆ ಟ್ಯಾಂಕುಗಳ ಕಡೆ ತಿರುಗಿತು. ನಂದಾ ಕೆಲಸಕ್ಕೆ ಓಡಾಡಿದ ಬಂದರಿನ ಕೇಮಾಡಿ. ನಮ್ಮ ಕಡೆ ಒಬ್ಬರಿಗೂ ಏನೂ ಆಗದೆ ಎಲ್ಲರೂ ವಾಪಸ್ ಬಂದರು.

8ರ ರಾತ್ರಿ ಇನ್ನೊಂದು ಸುತ್ತು. ಈ ಸಲ ವಿನಾಶ್ ಒಂದೇ ಮಿಸೈಲ್ ಬೋಟು, ಜೊತೆಗೆ ತ್ರಿಶೂಲ್ ಮತ್ತು ತಲ್ವಾರ್. ನಾಲ್ಕೂ ಕ್ಷಿಪಣಿ ಬಿಟ್ಟು ಹಿಂದಿರುಗುತ್ತಾ ವಿನಾಶ್ ಕಳಿಸಿದ ಸಂದೇಶ, "ನಾಲ್ಕು ಪಾರಿವಾಳಗಳೂ ಗೂಡಿನಲ್ಲಿ ಸುಖವಾಗಿವೆ." ಕೇಮಾಡಿಯ ಟ್ಯಾಂಕುಗಳು ದಿನಗಟ್ಟಲೆ ಉರಿದವು. ಡಿಸೆಂಬರ್ 4 ನೌಕಾಪಡೆ ದಿನ ಆದದ್ದು ಹೀಗೆ. ಅಂದ ಹಾಗೆ, ಆ ಯುದ್ಧದಲ್ಲಿ ಪಶ್ಚಿಮ ನೌಕಾಬಲದ ಧ್ವಜನೌಕೆ ಯಾವುದು ಹೇಳಿ? ನಮ್ಮ ಮೈಸೂರು!

ಪೂರ್ವದಲ್ಲಿ ಇನ್ನೊಂದು ಕತೆ ನಡೆದಿತ್ತು. ವಿಕ್ರಾಂತ್‌ನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು. ಪೂರ್ತಿ ವೇಗ ಬರಲ್ಲ. ಈ ಸಲವೂ ಕಟ್ಟಿಹಾಕಿ ಕೂರಿಸೋಣ ಅನ್ನೋ ಮಾತು ಬಂದಾಗ ನಂದಾ ಒಪ್ಪಲಿಲ್ಲ. ಎರಡನೇ ಯುದ್ಧದಲ್ಲೂ ಮನೆಯಲ್ಲೇ ಕೂತರೆ, ಇಂಥ ಹಡಗು ಯಾಕೆ ಬೇಕು ಅಂತ ನಾಳೆ ಯಾರಾದರೂ ಕೇಳೇ ಕೇಳ್ತಾರೆ. ಕುಂಟುತ್ತಾ ಬಂಗಾಳಕೊಲ್ಲಿಗೆ ಹೋದ ವಿಕ್ರಾಂತ್‌ನಿಂದ ಹಾರಿದ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಎರಗಿದವು. ಅದನ್ನು ಹುಡುಕಿಕೊಂಡು ಬಂದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹೊರಗೆ ಮುಳುಗಿತು. ಇದನ್ನೇ ಒಂದು ಗಂಟೆ ಹೇಳಬಹುದು, ಇವತ್ತು ಬೇಡ.

ಆದರೆ ನಮ್ಮ ಖುಕ್ರಿ ಹಡಗಿನ ವಿಷಯ ಹೇಳದೆ ಹೋದರೆ ತಪ್ಪಾಗುತ್ತೆ. ಗೆದ್ದ ಕತೆ ಹೇಳುವಾಗ ಇದನ್ನು ಮೆಲ್ಲಗೆ ಬಿಟ್ಟುಬಿಡುವವರಿದ್ದಾರೆ. ಡಿಸೆಂಬರ್ 9ರ ರಾತ್ರಿ, ದಿಯು ಹತ್ತಿರ, ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಖುಕ್ರಿಯನ್ನು ಹೊಡೆಯಿತು. ಹಡಗು ಕೆಲವೇ ನಿಮಿಷದಲ್ಲಿ ಹೋಯಿತು. 18 ಅಧಿಕಾರಿಗಳು, 176 ನಾವಿಕರು. ಕ್ಯಾಪ್ಟನ್ ಮಹೇಂದ್ರ ನಾಥ್ ಮುಲ್ಲಾ ಹಡಗು ಬಿಟ್ಟು ಇಳಿಯಲೇ ಇಲ್ಲ. ಜಲಾಂತರ್ಗಾಮಿ ಅಲ್ಲಿದೆ ಅಂತ ಸುಳಿವು ಸಿಕ್ಕಿದ್ದಕ್ಕೇ ಇವರನ್ನು ಹುಡುಕಲು ಕಳಿಸಿದ್ದು. ಹಂಗೋರ್ ಹೊಸದು. ನೀರೊಳಗಿನದನ್ನು ಶಬ್ದದಿಂದ ಪತ್ತೆ ಹಚ್ಚುವ ಖುಕ್ರಿಯ ಸೋನಾರ್ ಯಂತ್ರಕ್ಕೆ ಎಟುಕದಷ್ಟು ದೂರದಿಂದಲೇ ಅದಕ್ಕೆ ಇವರು ಕಾಣುತ್ತಿದ್ದರು. ಕರಾಚಿಯ ಹೂಮಾಲೆ ನಂದಾ ಅವರ ಕೊರಳಿಗೆ ಬಿದ್ದರೆ ಖುಕ್ರಿಯ ಭಾರವೂ ಅವರ ಹೆಗಲಿಗೇ ಬೀಳಬೇಕು. ಮುಖ್ಯಸ್ಥ ಅಂದರೆ ಅಷ್ಟೇ.

ಈಗ ಪದಕಗಳಿಗೆ ಬರೋಣ. ಯಾದವ್, ಗೋಪಾಲ ರಾವ್, ಮುಲ್ಲಾ ಮೂವರಿಗೂ ಮಹಾವೀರ ಚಕ್ರ ಬಂತು. ಮುಲ್ಲಾ ಅವರಿಗೆ ಸತ್ತ ಮೇಲೆ. ನಂದಾ ಅವರಿಗೆ ಅದು ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಚಕ್ರಗಳು ಗುಂಡಿನ ಎದುರು ನಿಂತವರಿಗೆ. ಚಪಲದ ಪಕ್ಕದಲ್ಲೇ ನಿಮ್ಮ ಚೆಂಡಿಯಾದ ರಾಘೋಬಾ ರಾಣೆ ಪ್ರತಿಮೆಯಾಗಿ ನಿಂತಿದ್ದಾರಲ್ಲ, 1948ರಲ್ಲಿ ಗುಂಡಿನ ಮಳೆಯಲ್ಲಿ ಮೈನ್ ಕಿತ್ತು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟವರು, ಅಂಥವರಿಗೆ. ಅವರದು ಪರಮವೀರ ಚಕ್ರ. ನೌಕಾಪಡೆಗೆ ಇಲ್ಲಿಯ ತನಕ ಒಂದೂ ಪರಮವೀರ ಚಕ್ರ ಬಂದಿಲ್ಲ. ವಿಶಿಷ್ಟ ಸೇವಾ ಪದಕಗಳ ದಾರಿಯೇ ಬೇರೆ. ವರ್ಷಗಟ್ಟಲೆ ಹೊತ್ತ ಜವಾಬ್ದಾರಿಗೆ ಅವು.

1972ರಲ್ಲಿ ಮೂರೂ ಪಡೆಗಳ ಮುಖ್ಯಸ್ಥರಿಗೆ ಪದ್ಮವಿಭೂಷಣ ಬಂತು. ಮಾಣೆಕ್‌ಶಾ, ಪಿ.ಸಿ. ಲಾಲ್, ನಂದಾ. ಮರುವರ್ಷ ಮಾಣೆಕ್‌ಶಾ ಫೀಲ್ಡ್ ಮಾರ್ಷಲ್ ಆದರು. ಐದು ನಕ್ಷತ್ರ. ಅವರ ಹೆಸರು ಮನೆಮಾತಾಯಿತು, ಆಗಬೇಕಾದ್ದೇ. ಲಾಲ್ ಮತ್ತು ನಂದಾ ನಾಲ್ಕು ನಕ್ಷತ್ರದಲ್ಲೇ ನಿವೃತ್ತರಾದರು. ಅಡ್ಮಿರಲ್ ಆಫ್ ದಿ ಫ್ಲೀಟ್ ಅನ್ನೋ ಐದು ನಕ್ಷತ್ರದ ಪದವಿ ನಮ್ಮ ದೇಶದಲ್ಲಿ ಯಾವ ನಾವಿಕನಿಗೂ ಸಿಕ್ಕಿಲ್ಲ. ಕಡಲಿನಲ್ಲಿ ನಡೆದದ್ದು ದಡದಲ್ಲಿ ನಿಂತವರಿಗೆ ಕಾಣೋದು ಕಡಿಮೆ. ಮೀನುಗಾರರ ಮನೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ನಿವೃತ್ತಿಯಾದ ಮೇಲೆ ಶಿಪ್ಪಿಂಗ್ ಕಾರ್ಪೊರೇಷನ್ನಿನ ಅಧ್ಯಕ್ಷರಾಗಿದ್ದರು. 90ರ ಹತ್ತಿರ ಆತ್ಮಕಥೆ ಬರೆದರು. ಅದರ ಹೆಸರಿನಲ್ಲೂ ಕರಾಚಿ ಇದೆ. 2009ರ ಮೇ 11ರಂದು ದೆಹಲಿಯಲ್ಲಿ ತೀರಿಕೊಂಡರು. 93 ವರ್ಷ.

ಕಾರವಾರಕ್ಕೂ 71ಕ್ಕೂ ಏನು ಸಂಬಂಧ ಅಂತ ಕೆಲವರು ಕೇಳ್ತಾರೆ. ಪಶ್ಚಿಮದ ಹಡಗುಗಳೆಲ್ಲ ಮುಂಬೈ ಒಂದರಲ್ಲೇ ಕಿಕ್ಕಿರಿದು ನಿಲ್ಲೋದು ಅಪಾಯ ಅಂತ ಆ ಯುದ್ಧದ ನಂತರ ಜನರಿಗೆ ಅರ್ಥವಾಯಿತು. ನಾವು ಕರಾಚಿಗೆ ಮಾಡಿದ್ದನ್ನು ನಾಳೆ ಯಾರಾದರೂ ಮುಂಬೈಗೆ ಮಾಡಬಹುದಲ್ಲ? 1980ರ ದಶಕದ ಶುರುವಿನಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಾಸನ್ ಕಣ್ಣು ಈ ಕಡೆ ಬಿತ್ತು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಇಲ್ಲಿನ ಸೀಬರ್ಡ್ ನೌಕಾನೆಲೆ ಯೋಜನೆಗೆ ಅಡಿಗಲ್ಲು ಹಾಕಿದರು. ಕದಂಬ ನೌಕಾನೆಲೆ ಶುರುವಾದದ್ದು 2005ರಲ್ಲಿ. ನಡುವಿನ ಆ 19 ವರ್ಷದಲ್ಲಿ ಮನೆ ಬಿಟ್ಟವರು, ಗದ್ದೆ ಬಿಟ್ಟವರು, ಪರಿಹಾರಕ್ಕೆ ಕಚೇರಿ ಅಲೆದವರು ನಿಮ್ಮ ಮನೆಗಳಲ್ಲೇ ಇದ್ದಾರೆ. ಅದು ನನಗಿಂತ ನಿಮಗೆ ಗೊತ್ತು. ಅವರಿಗೆ ಯಾವ ಪದಕವೂ ಬಂದಿಲ್ಲ.

ಮಾತು ಇಲ್ಲಿಗೆ ಮುಗೀಬೇಕಿತ್ತು. ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಎದ್ದು ಕೇಳಿದಳು, "ಸರ್, ಅವರು ಹುಟ್ಟಿದ ಜಾಗ ಈಗ ಹೇಗಿದೆ?"

ಇದೆಯಮ್ಮ, ಅಲ್ಲೇ ಇದೆ ಅಂದೆ. ಪಾಕಿಸ್ತಾನದ ನೌಕಾಪಡೆಯವರು ತಮ್ಮ ಹುಡುಗರಿಗೆ ತರಬೇತಿ ಕೊಡೋದು ಆ ಮನೋರಾದಲ್ಲೇ. ಹಳೇ ದೀಪಸ್ತಂಭ ಈಗಲೂ ರಾತ್ರಿ ಉರಿಯುತ್ತೆ.